ಕೆಂಪು ಗೀಟಿನ ಫಲಕದವರೆಗೆ

ಕಾನೂನು ಕೇಳಿದ್ದನ್ನೆಲ್ಲ ತೋನಿಯಾ ಕೊಟ್ಟಳು. ತಲೆಗೆ ಹೆಲ್ಮೆಟ್, ಹೆಸರಿಗೊಂದು ನಂಬರು, ಅಪಘಾತಕ್ಕೆ ವಿಮೆ, ತಿರುವಿಗೆ ದೀಪ. ಒಂದನ್ನೂ ಬಾಕಿ ಉಳಿಸಲಿಲ್ಲ. ಅಷ್ಟು ಕೊಟ್ಟಮೇಲೂ ಕಾನೂನು ಅವಳನ್ನು ಊರ ಅಂಚಿನಲ್ಲಿ ಇಳಿಸಿ, ನಡಿ ಅಂದಿತು.

ಇಟಲಿಯ ದಕ್ಷಿಣದ ತುದಿ, ಪುಲ್ಯಾ ಸೀಮೆಯ ತೋರೆಮಾರಾ ಅವಳ ಊರು. ವಯಸ್ಸು ಐವತ್ತೇಳು. ಹತ್ತೊಂಬತ್ತು ವರ್ಷದಿಂದ ಊರಾಚೆಯ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಹಲ್ಲಿಲ್ಲದವರ ಊಟ ಅವಳ ಪಾಲಿನ ಕೆಲಸ. ಅಲ್ಲಿ ಕರೆಂಟಿನ ಯಂತ್ರವೊಂದಿದೆ; ಮಾಂಸ, ಸೊಪ್ಪು, ಕ್ಯಾರೆಟ್ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ನಿಮಿಷದಲ್ಲಿ ಬೂದುಬಣ್ಣದ ಮುದ್ದೆ. ತೋನಿಯಾ ಅದನ್ನು ಮುಟ್ಟುವವಳಲ್ಲ. ಕೈಯಲ್ಲಿ ತಿರುಗಿಸುವ ಜರಡಿಯಲ್ಲಿ ಒಂದೊಂದನ್ನೂ ಬೇರೆ ಬೇರೆ ಅರೆದು, ತಟ್ಟೆಯಲ್ಲಿ ಮೂರು ಬಣ್ಣದ ಮೂರು ಗುಡ್ಡೆ ಇಡುತ್ತಾಳೆ. "ಹಲ್ಲು ಹೋಗಿದೆ ಕಣ್ರೀ, ಕಣ್ಣಿನ್ನೂ ಹೋಗಿಲ್ಲ," ಅನ್ನುತ್ತಾಳೆ. ಲೆಕ್ಕದ ಮೇಷ್ಟ್ರಾಗಿದ್ದ ಲೊಫಾನೊ ಅಂತೂ ಮೂರು ಗುಡ್ಡೆ ಕಾಣದಿದ್ದರೆ ಬಾಯಿ ತೆರೆಯುವುದಿಲ್ಲ.

ಅವಳ ಮನೆ ಬಂದರಿನ ಕಡೆ. ಅಲ್ಲಿಂದ ಆಶ್ರಮಕ್ಕೆ ಐದು ಕಿಲೋಮೀಟರು: ಮೂರು ಊರೊಳಗೆ, ಎರಡು ಊರಾಚೆ. ಗಂಡ ಇರುವಾಗ ಅವನ ಕಾರು. ಅವನು ಹೋದಮೇಲೆ ನಾಲ್ಕನೇ ನಂಬರಿನ ಬಸ್ಸು. ಅವಳು ಕಾರು ಕಲಿತವಳಲ್ಲ. ಸೈಕಲ್ ತುಳಿಯುವ ಮಂಡಿಯೂ ಉಳಿದಿರಲಿಲ್ಲ. ಆಗಸ್ಟ್ ತಿಂಗಳಲ್ಲಿ ಬಸ್ಸು ನಿಂತಿತು. ಕಾರಣ ಬರೆದು ಅಂಟಿಸಿದ್ದರು: ಪ್ರಯಾಣಿಕರಿಲ್ಲ. ದಿನಾ ಬೆಳಿಗ್ಗೆ ಆರು ಹೆಂಗಸರು ಆ ಬಸ್ಸಿನಲ್ಲಿ ಕೂರುತ್ತಿದ್ದರು. ಆರು ಜನ ಕೆಲಸದ ಹೆಂಗಸರು ಅಂದರೆ ಕಾಗದದ ಮೇಲೆ ಸೊನ್ನೆ, ಅಷ್ಟೆ.

ಆಶ್ರಮದ ಮೇಲ್ವಿಚಾರಕಿ ಮೊದಲೇ ಹೇಳಿಬಿಟ್ಟಳು: "ನೀವು ಹೇಗೆ ಬರ್ತೀರೋ ನಂಗೊತ್ತಿಲ್ಲ ತೋನಿಯಾ. ಆರೂವರೆಗೆ ಒಲೆ ಮುಂದೆ ಇರ್ಬೇಕು. ನಿಮ್ಮ ಕರಾರು ನವೆಂಬರ್ ಕೊನೆಗೆ ಮುಗಿಯತ್ತೆ, ನೆನಪಿರಲಿ."

ಕೆಳಗಿನ ಮನೆಯ ಜೆರಾರ್ದೊ, ಕಸಾಯಿ ಅಂಗಡಿಯವನು, ತನ್ನ ಹಳೆಯ ಎಲೆಕ್ಟ್ರಿಕ್ ಸ್ಕೂಟರನ್ನು ಮೆಟ್ಟಿಲ ಬಳಿ ತಂದು ನಿಲ್ಲಿಸಿದ. ನಿಂತು ಓಡಿಸುವ, ಎರಡು ಪುಟ್ಟ ಚಕ್ರದ್ದು.

"ತಗೋ ಅಕ್ಕ, ಅರ್ಧ ಬೆಲೆಗೆ. ನಲವತ್ತೈದರಲ್ಲಿ ಹಾರತ್ತೆ."

"ನಂಬರು?"

"ಯಾವ ನಂಬರು? ಪೊಲೀಸರು ಕಣ್ಣು ಬಿಡೋದ್ರೊಳಗೆ ನೀನು ಆಶ್ರಮದಲ್ಲಿ ಕಾಫಿ ಕುಡೀತಿರ್ತೀಯ."

"ನನ್ನ ಹೆಸರಲ್ಲಿ ಇವತ್ತಿನವರೆಗೂ ಒಂದು ದಂಡದ ಚೀಟಿ ಬಂದಿಲ್ಲ ಜೆರಾರ್ದೊ. ಈ ವಯಸ್ಸಲ್ಲಿ ಶುರು ಮಾಡ್ಲಾ?"

ಅವಳು ಹೋದದ್ದು ಸೈಕಲ್ ರಿಪೇರಿಯ ಸಾವಿನೊ ಅಂಗಡಿಗೆ. ಅವನು ಕನ್ನಡಕ ಏರಿಸಿ, ಗೋಡೆಗೆ ಮೊಳೆ ಹೊಡೆದಿದ್ದ ನಿಯಮದ ಹಾಳೆಯ ಮೇಲೆ ಬೆರಳಾಡಿಸಿದ. "ಇಪ್ಪತ್ತಕ್ಕಿಂತ ಜೋರಾಗಿ ಓಡಬಾರದು. ಎರಡೂ ಚಕ್ರಕ್ಕೆ ಬ್ರೇಕ್ ಬೇಕು. ಬೆಲ್ ಬೇಕು. ತಿರುಗುವಾಗ ಮಿನುಗೋ ದೀಪ ಬೇಕು. ಆ ಕೆಂಪುದು ಚಂದ ಇದೆ, ಆದ್ರೆ ದೀಪ ಇಲ್ಲ. ಬಿಟ್ಬಿಡು."

"ಅದೋ ಆ ಸೀಟಿರೋದು?" ಮೂಲೆಯಲ್ಲಿ ಮೆತ್ತನೆಯ ಸೀಟಿನದೊಂದು ನಿಂತಿತ್ತು. "ದಿನವಿಡೀ ನಿಂತೇ ಇರ್ತೀನಲ್ಲೋ ಸಾವಿನೊ, ಗಾಡಿ ಮೇಲಾದ್ರೂ ಕೂರ್ತೀನಿ."

"ಕೂತ್ರೆ ಅದು ಬೇರೆ ಜಾತಿ ಗಾಡಿ. ಲೈಸೆನ್ಸು, ನೋಂದಣಿ, ಎಲ್ಲ ಬೇಕು. ನಿಂತ್ಕೊಂಡೇ ಹೋಗಬೇಕು ಅಂತಾರೆ ರೋಮ್‌ನಲ್ಲಿ ಕೂತವರು."

ಅವಳು ನಕ್ಕಳು. ಕೊನೆಗೆ ಬೂದುಬಣ್ಣದ, ಅಗಲ ಹಲಗೆಯ, ದೀಪ ಬೆಲ್ ಎಲ್ಲ ಇದ್ದದ್ದನ್ನು ಆರಿಸಿದಳು. ಬ್ರೇಕು ಹಿಡಿದು ಬಿಟ್ಟು, ಮತ್ತೆ ಹಿಡಿದು ನೋಡಿದಳು.

"ಸರಿ, ಇದ್ರಲ್ಲಿ ಎಲ್ಲಿಗೆ ಹೋಗ್ತೀಯ?" ಸಾವಿನೊ ಕೇಳಿದ.

ದೃಷ್ಟಿ ತಗಲದಿರಲೆಂದು ತೋನಿಯಾ ಥಟ್ಟನೆ ಅವನ ಕಬ್ಬಿಣದ ಮೇಜು ಮುಟ್ಟಿದಳು. "ಬಿಡ್ತು ಅನ್ನು! ಹೊಸ ಗಾಡಿ ಇನ್ನೂ ಅಂಗಡಿ ಬಾಗ್ಲೇ ದಾಟಿಲ್ಲ, ಎಲ್ಲಿಗೆ ಅಂತ ಕೇಳ್ತೀಯಲ್ಲ!"

ತಪ್ಪು ತನ್ನದೇ ಎಂಬಂತೆ ಸಾವಿನೊ ಕೂಡ ಕಬ್ಬಿಣ ಮುಟ್ಟಿದ. ತೋರೆಮಾರಾದಲ್ಲಿ ಹೊಸ ವಸ್ತುವಿನ ದಾರಿ ಹೇಳುವುದಿಲ್ಲ. ಹೇಳಿದರೆ ಕೇಳಿದವರ ದೃಷ್ಟಿ ಆ ದಾರಿಯ ಮೇಲೆ ಬೀಳುತ್ತದೆ, ಹೋಗುವ ಕೆಲಸ ಕೈಗೂಡುವುದಿಲ್ಲ. ಮೀನುದೋಣಿ ಕೊಂಡವನನ್ನೂ ಯಾರೂ ಕೇಳುವುದಿಲ್ಲ. ಊರೊಳಗೇ ಸಂತೆಗೋ ಚರ್ಚಿಗೋ ಇರಬೇಕು ಅಂದುಕೊಂಡು ಸಾವಿನೊ ಬಿಲ್ಲು ಬರೆದ. ಗೋಡೆಯ ಹಾಳೆಯಲ್ಲಿದ್ದ, ಅವನಿಗೆ ಗೊತ್ತಿದ್ದ ಇನ್ನೊಂದು ನಿಯಮ ಹೀಗೆ ನಾಲಗೆಗೇ ಬರಲಿಲ್ಲ.

ನಂಬರಿನ ಚೀಟಿ ಬರಲು ಏಳು ವಾರ ಹಿಡಿಯಿತು. ಅಷ್ಟು ದಿನ ಬ್ರೆಡ್ಡಿನ ವ್ಯಾನಿನವನು ಅವಳನ್ನು ಹತ್ತಿಸಿಕೊಂಡ. ಅಕ್ಟೋಬರಿನಲ್ಲಿ ಅವನ ದಾರಿ ಬದಲಾಯಿತು. ಚೀಟಿ ಬಂದದ್ದೂ ಆಗಲೇ: ಮೇಲೆ ಮೂರು ಅಕ್ಷರ, ಕೆಳಗೆ ಮೂರು ಅಂಕಿ. ಅದು ಗಾಡಿಯ ನಂಬರಲ್ಲ, ಮನುಷ್ಯರ ನಂಬರು. ಅವಳ ಹೆಸರಿಗೇ ಬರೆದದ್ದು. ಮನೆ ಅಪ್ಪನ ಹೆಸರಲ್ಲಿತ್ತು, ಕಾರು ಗಂಡನ ಹೆಸರಲ್ಲಿತ್ತು. ಒದ್ದೆ ಬಟ್ಟೆಯಿಂದ ಮಡ್‌ಗಾರ್ಡ್ ಒರೆಸಿ, ಒಣಗಿಸಿ, ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ಮೂಲೆ ಮೂಲೆ ಒತ್ತಿದಳು.

ಚರ್ಚಿನ ಅಂಗಳದಲ್ಲಿ ಕಲಿಯುವಾಗ ಬಾಲ್ಕನಿಗಳೆಲ್ಲ ತುಂಬಿದ್ದವು. "ಚಂದ್ರಲೋಕಕ್ಕೆ ಹೊರಟ್ಯೇನೇ ತೋನಿಯಾ?" "ಹೆಲ್ಮೆಟ್ ಹಾಕ್ಕೊಂಡು ಮಲಗ್ತೀಯೋ, ತೆಗೆದು ಮಲಗ್ತೀಯೋ?" ಅವಳು ಬೆಲ್ ಬಾರಿಸಿ ಉತ್ತರ ಕೊಟ್ಟಳು.

ಮೊದಲ ದಿನ ಮೂರು ಕಿಲೋಮೀಟರು ಹೂವಿನಂತೆ ಹೋದಳು. ಊರ ಹೆಸರಿನ ಮೇಲೆ ಕೆಂಪು ಗೀಟು ಎಳೆದ ಬಿಳಿ ಫಲಕದ ಬಳಿ ನಗರ ಪೊಲೀಸಿನ ಒರಾನ್ಸೊ ಕೈ ಅಡ್ಡ ಹಿಡಿದ. ಅವಳ ಜೊತೆ ಐದನೇ ಕ್ಲಾಸಿನವರೆಗೆ ಓದಿದವನು. ಚೀಟಿ ನೋಡಿದ, ವಿಮೆ ನೋಡಿದ, ದೀಪ ಮಿನುಗಿಸಿ ನೋಡಿದ.

"ಭೇಷ್! ಈ ಊರಲ್ಲಿ ಎಲ್ಲಾ ಸರಿ ಇರೋ ಗಾಡಿ ಅಂದ್ರೆ ನಿಂದೊಂದೇ ನೋಡು. ಸವಾರಿ ಎಲ್ಲಿಗೆ?"

ಗಾಡಿ ಓಡಿಯಾಗಿತ್ತು, ಇನ್ನು ಹೇಳಬಹುದಿತ್ತು. "ಆಶ್ರಮಕ್ಕೆ. ಇನ್ನೆಲ್ಲಿಗೋ?"

ಒರಾನ್ಸೊ ಟೋಪಿ ತೆಗೆದು ತಲೆ ಕೆರೆದ. "ಇಲ್ಲೀವರೆಗೆ ಮಾತ್ರ ತೋನಿಯಾ. ಈ ಫಲಕದಾಚೆ ಊರಲ್ಲ. ಅಲ್ಲಿ ಕಾರುಗಳಿಗೆ ತೊಂಬತ್ತರ ವೇಗ. ಈ ಗಾಡಿ ಊರೊಳಗೆ ಮಾತ್ರ ಓಡಬೇಕು."

"ಎಲ್ಲಾ ಸರಿ ಇದೆ ಅಂದ್ಯಲ್ಲ?"

"ಗಾಡಿ ಸರಿ ಇದೆ. ರಸ್ತೆ ಸರಿ ಇಲ್ಲ."

"ರಸ್ತೆಗೆ ದಂಡ ಹಾಕು ಹಾಗಾದ್ರೆ."

ಅವನು ನಗಲಿಲ್ಲ. "ನಾನು ಮುಖ ತಿರುಗಿಸ್ತೀನಿ, ಹೋಗು. ಆದ್ರೆ ಲಾರಿ ತಗುಲಿದ್ರೆ ವಿಮೆಯವರು ಕೈ ಎತ್ತಿಬಿಡ್ತಾರೆ. ನೀನು ಅಲ್ಲಿ ಇರಲೇಬಾರದಿತ್ತು ಅಂತಾರೆ."

"ನಡ್ಕೊಂಡು ಹೋಗಬಹುದಾ?"

ಒರಾನ್ಸೊ ಫಲಕದಾಚೆ ನೋಡಿದ. ಕಾಲುದಾರಿ ಇರಲಿಲ್ಲ, ಬಿಳಿ ಗೀಟು ಮತ್ತು ಚರಂಡಿ. "ಹೋಗಬಹುದು," ಅಂದ.

ಅಂಚಿಲ್ಲದ ರಸ್ತೆಯಲ್ಲಿ, ಹಗಲು ಪೂರ್ತಿ ಹರಿಯದ ಹೊತ್ತಿನಲ್ಲಿ, ಮಂಡಿ ಸವೆದ ಹೆಂಗಸು ಎರಡು ಕಿಲೋಮೀಟರು ನಡೆಯಬಹುದು. ಅದು ಕಾನೂನುಬದ್ಧ. ಗಾಡಿಯನ್ನು ಫಲಕದ ಬಳಿ ಬಿಟ್ಟರೆ ಸಂಜೆಗೆ ಚಕ್ರವೂ ಉಳಿಯುವುದಿಲ್ಲ, ತಳ್ಳಿಕೊಂಡೇ ಹೋದಳು. ಮುಟ್ಟಿದಾಗ ಏಳೂಕಾಲು. ಯಂತ್ರ ಆಗಲೇ ತಿರುಗಿತ್ತು. ಲೊಫಾನೊ ಮೇಷ್ಟ್ರ ಮುಂದೆ ಬೂದುಬಣ್ಣದ ಮುದ್ದೆ ಹಾಗೇ ಕೂತಿತ್ತು.

ಮರುದಿನದಿಂದ ಐದಕ್ಕೆ ಹೊರಟಳು. ಮಂಡಿ ಊದಿತು. ಒಂದು ಬೆಳಿಗ್ಗೆ ತಡೆಯಲಾರದೆ ಫಲಕದಾಚೆ ಹಲಗೆ ಹತ್ತಿದಳು. ನೂರು ಮೀಟರು ಹೋಗಿರಬೇಕು, ಲಾರಿಯೊಂದರ ಗಾಳಿ ಬಡಿದು ಚರಂಡಿಗೆ ಬಿದ್ದಳು. ಲಾರಿ ನಿಲ್ಲಲಿಲ್ಲ. ಕೆಸರು ಒರೆಸಿಕೊಂಡು ಮತ್ತೆ ತಳ್ಳಿದಳು. ಅಲ್ಲಿಗೆ ಮೂರನೇ ಸಲ ತಡ.

ಒರಾನ್ಸೊ ಪುರಸಭೆಗೆ ಪತ್ರ ಬರೆದ: ಕಾಲುದಾರಿ ಮಾಡಿ, ಇಲ್ಲವೇ ಬಸ್ಸು ಬಿಡಿ. ರಸ್ತೆ ಪ್ರಾಂತದ್ದು ಅಂದಿತು ಪುರಸಭೆ. ಬಸ್ಸು ಪುರಸಭೆಯದು ಅಂದಿತು ಪ್ರಾಂತ. ಎರಡೂ ಕಚೇರಿಯ ಬಾಗಿಲಿಗೆ ಕಾರಿನಲ್ಲಿ ಬಂದು ಇಳಿಯುವವರ ಮಾತು ಅದು.

ನವೆಂಬರ್ ಮೂವತ್ತಕ್ಕೆ ಕರಾರು ಮುಗಿಯಿತು. "ನಿಮ್ಮ ಕೆಲಸದ ಬಗ್ಗೆ ದೂರಿಲ್ಲ ತೋನಿಯಾ," ಅಂದಳು ಮೇಲ್ವಿಚಾರಕಿ, "ಸಮಯದ್ದೇ ತೊಂದರೆ."

ತೋನಿಯಾ ಜರಡಿ ತೊಳೆದು ಕವುಚಿ ಇಟ್ಟಳು. ಹೊಸಬಳಿಗೆ ಮೂರು ಗುಡ್ಡೆ ತೋರಿಸಿಕೊಟ್ಟಳು. ಹೊಸಬಳು ಗಡಿಯಾರ ನೋಡುತ್ತಾ ತಲೆಯಾಡಿಸಿದಳು. ಅವಳಿಗೆ ಕಾರಿತ್ತು.

ಗಾಡಿ ತಳ್ಳುತ್ತಾ ಹಿಂದಿರುಗುವಾಗ ಪಕ್ಕದಲ್ಲಿ ಸುಂಯ್ ಎಂದು ಹಾದುಹೋದದ್ದು ಜೆರಾರ್ದೊ. ಹೆಲ್ಮೆಟ್ ಇಲ್ಲ, ಚೀಟಿ ಇಲ್ಲ, ನಲವತ್ತೈದರ ವೇಗ. "ನಾ ಹೇಳ್ಲಿಲ್ವಾ ಅಕ್ಕಾ!" ಎಂಬ ಕೂಗು ಅವನಿಗಿಂತ ಹಿಂದೆ ಉಳಿಯಿತು.

ಫಲಕದ ಬಳಿ ನಿಂತಳು. ಈ ಬದಿಯಿಂದ ಬರುವವರಿಗೆ ಗೀಟಿಲ್ಲ, ಬರೀ ಊರ ಹೆಸರು. ಹೆಲ್ಮೆಟ್ಟಿನ ಪಟ್ಟಿ ಬಿಗಿದು ಹಲಗೆ ಹತ್ತಿದಳು. ಬಂದರಿನ ತಿರುವು ಬಂದಾಗ ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಇರಲಿಲ್ಲ. ಆದರೂ ಎಡಗಡೆಯ ದೀಪ ಮಿನುಗಿಸಿ, ಅದು ನಾಲ್ಕು ಸಲ ಹತ್ತಿ ಆರುವವರೆಗೆ ಕಾದು, ಆಮೇಲೆ ತಿರುಗಿದಳು.