ಜೈತುನಬಿ ನೋಡದ ನಾಟಕ

ಜನವರಿ ಒಂದರ ಬೆಳಿಗ್ಗೆ ಊರೆಲ್ಲ ಹ್ಯಾಪಿ ನ್ಯೂ ಇಯರ್ ಮೆಸೇಜು ಕಳಿಸುತ್ತಿತ್ತು. ನಾನು ಮಾಡಿದ್ದು ಒಂದೇ ಫೋನು, ವಡಗಾವಿಯ ಜೈತುನಬಿಗೆ.

'ಅಮ್ಮಾ, ನಾಟಕ ಬಿಡುಗಡಿ ಆತು!'

'ಯಾ ಅಲ್ಲಾ! ಹಂಗಾರ ಪರದೆ ಕಟ್ರಿ,' ಎಂದರು.

ಕತೆ ಇಷ್ಟು. ಈರಪ್ಪ ಎಂಬ ನೇಕಾರ ಮಗ್ಗದ ಮುಂದೆ ಕೂತು, ಜೋರಾಗಿ ಹೇಳಿಕೊಳ್ಳುತ್ತ ಒಂದು ನಾಟಕ ಬರೆದ. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಹುಡುಗಿ ಜೈತುನಬಿಗೆ ಅಷ್ಟೂ ಬಾಯಿಪಾಠ. ಓಣಿಯಲ್ಲಿ ಅದನ್ನು ಒಂದೇ ಸಲ ಆಡಿದರು. ಅವತ್ತೇ ಹುಡುಗಿಗೆ ಜ್ವರ! ಮರುವರ್ಷ ಈರಪ್ಪ ತೀರಿಹೋದ. ಈಗ ಜೈತುನಬಿಗೆ ಎಪ್ಪತ್ತೈದು. ಕಣ್ಣು ಮುಚ್ಚುವುದರೊಳಗೆ ಆ ನಾಟಕ ನೋಡಬೇಕು, ಅದೊಂದೇ ಆಸೆ.

ಎರಡು ವರ್ಷದ ಹಿಂದೆ ಅದನ್ನು ಆಡಿಸಬೇಕೆಂದು ಪರ್ಮಿಷನ್ ಕೇಳಲು ಖಾನಾಪುರಕ್ಕೆ ಹೋದೆ. ಈರಪ್ಪನ ಮೊಮ್ಮಗ ಚಹಾ ಕೊಟ್ಟರು, ಉಪ್ಪಿಟ್ಟು ಕೊಟ್ಟರು, ಪರ್ಮಿಷನ್ ಕೊಡಲಿಲ್ಲ. ಕೈಬರಹದ ಪುಸ್ತಕ ದೇವರ ಜಗಲಿಯ ಮೇಲೆ ಕೆಂಪು ಬಟ್ಟೆಯಲ್ಲಿತ್ತು.

'ದಿನಾ ಪೂಜಾ ಮಾಡತೇವ್ರಿ. ಬಿಚ್ಚೂದಿಲ್ಲ. ಸ್ಟೇಜ್ ಮ್ಯಾಲಂತೂ ಬ್ಯಾಡೇ ಬ್ಯಾಡ.'

'ನೀವರ ಓದೀರೇನ್ರಿ?'

'ಓದೂದ್ಯಾಕ್ರಿ? ಹಕ್ಕು ನಮ್ದೈತಲ್ಲ!'

ನನಗೆ ಪಿತ್ತ ನೆತ್ತಿಗೇರಿತು. ಲೇಖಕನ ಹೆಂಡತಿ ಮಕ್ಕಳ ಹೊಟ್ಟೆ ತುಂಬಲಿ, ಬೇಡ ಅಂದವರಾರು? ಆದರೆ ಲೇಖಕ ಸತ್ತ ಮೇಲೂ ಕಾಪಿರೈಟು ಅರವತ್ತು ವರ್ಷ! (ಅಷ್ಟರಲ್ಲಿ ನೆನಪಿಟ್ಟವರು ಯಾರು ಉಳಿದಿರುತ್ತಾರೆ ಸ್ವಾಮಿ?) ಕಾಯ್ದೆ ಈರಪ್ಪ ಸತ್ತ ವರ್ಷ ಎಣಿಸುತ್ತದೆ. ಜೈತುನಬಿಯ ವಯಸ್ಸು ಎಣಿಸುವವರಾರು?

ಅರವತ್ತು ತುಂಬಿ ಹಕ್ಕು ಮುಗಿಯಲು ಇನ್ನೂ ಎರಡು ಜನವರಿ ಬರಬೇಕಿತ್ತು. ಕಾದೆವು. ಜೈತುನಬಿ ಕೆಮ್ಮಿದಾಗಲೆಲ್ಲ ನಾನು ಕ್ಯಾಲೆಂಡರ್ ನೋಡುತ್ತಿದ್ದೆ. ಅವರು ನಾಟಕದ ಮಾತು ಬಾಯಿಂದಲೇ ಹೇಳಿಕೊಟ್ಟರು, ಓಣಿಯ ಹೆಣ್ಣುಮಕ್ಕಳು ಕಲಿತರು.

ಅರವತ್ತು ವರ್ಷ ತುಂಬಿದ್ದೇ ತಡ, ಮೊನ್ನೆ ರವಿವಾರ ಸಂಜೆ ನಾಟಕ. ಓಣಿಯಲ್ಲಿ ಕಾಲಿಡಲು ಜಾಗವಿಲ್ಲ! ಮುಂದಿನ ಸಾಲಿನಲ್ಲಿ ಜೈತುನಬಿ. ಪಕ್ಕದ ಕುರ್ಚಿಯಲ್ಲಿ ಯಾರು? ಖಾನಾಪುರದ ಮೊಮ್ಮಗ! ತೊಡೆಯ ಮೇಲೆ ಪುಸ್ತಕ. ತಪ್ಪು ಹಿಡಿಯಲು ಬಂದಿದ್ದರು. ಹಾಳೆ ತಿರುವಿದರು, ತಿರುವಿದರು, ಆಮೇಲೆ ತಿರುವುವುದನ್ನೇ ಮರೆತು ಚಪ್ಪಾಳೆ ತಟ್ಟಿದರು. ಜೈತುನಬಿ ಪ್ರತಿ ಮಾತಿಗೂ ತುಟಿ ಆಡಿಸುತ್ತ, ಅಳುತ್ತ, ನಗುತ್ತ ಕೂತಿದ್ದರು. ಗೆದ್ದೆವು ರೀ, ಖರೇನ ಗೆದ್ದೆವು!

ಪರದೆ ಬಿದ್ದ ಮೇಲೆ ಮೊಮ್ಮಗ ಪುಸ್ತಕದ ಕೊನೆಯ ಹಾಳೆಗಳನ್ನು ತೋರಿಸಿದರು. ಗೆದ್ದಲು ತಿಂದು ಜರಡಿಯಾಗಿದ್ದವು.

'ಅಮ್ಮಾ, ಇಲ್ಲೇನಿತ್ತು ಹೇಳ್ರಿ, ಬರ್ಕೋತೀನಿ.'

'ಕುಂದರು ಮಗಾ,' ಎಂದರು ಜೈತುನಬಿ.

ನಮಗೆ ಪರ್ಮಿಷನ್ ಬೇಕಿತ್ತು, ಸರಿ. ಗೆದ್ದಲು ಯಾರನ್ನು ಕೇಳಿತ್ತು?