ನೆಡ್ರಾ ಕಟ್ಟಿದ ನೆರಿಗೆ ಗೋಡೆ

ಬೆಳಗಿನ ಆರು ಗಂಟೆ. ಕಣಿವೆಯಂಚಿನ ಜಲ ಪ್ರಯೋಗಾಲಯದಲ್ಲಿ ಅರ್ಧ ದೀಪಗಳು ಇನ್ನೂ ಹತ್ತಿಲ್ಲ. ಸೊಂಟದವರೆಗೆ ರಬ್ಬರ್ ಬೂಟು ಏರಿಸಿಕೊಂಡ ನೆಡ್ರಾ ಥಾರ್ಸನ್ ಅಣೆಕಟ್ಟಿನ ಪುಟ್ಟ ಮಾದರಿಯೊಂದರ ಎದುರು ಮಂಡಿಯೂರಿ, ಗೋಡೆಯ ಅಂಚಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದಾರೆ. ಒಂದು ಕಡೆ ಬೆರಳು ತಡೆಯುತ್ತದೆ. ಮರಳು ಕಾಗದದಿಂದ ಉಜ್ಜಿ ಮತ್ತೆ ಸವರುತ್ತಾರೆ. "ಈಗ ದಾರಿಗೆ ಬಂದ್ಯಾ, ಮಹಾರಾಯ!" ಎಂದು ಗೋಡೆಗೇ ಹೇಳುತ್ತಾರೆ. ಅವರ ಬಗ್ಗೆ ಬರೆಯಲೆಂದು ನಾನು ಬಂದು ನಿಂತಿರುವುದು ಅವರಿಗೆ ಗೊತ್ತೇ ಇಲ್ಲ.

ದೊಡ್ಡ ನೆರೆ ಬಂದಾಗ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದುಹೋಗಬೇಕು. ಕೋಡಿ ಸಾಲದಿದ್ದರೆ ನೀರು ಏರಿಯನ್ನೇ ಹತ್ತುತ್ತದೆ. ಮಣ್ಣಿನ ಏರಿಯಾದರೆ ಅಲ್ಲಿಗೆ ಕಥೆ ಮುಗಿಯಿತು. ಕೋಡಿಯನ್ನು ಅಗಲ ಮಾಡೋಣವೆಂದರೆ ಎರಡೂ ಪಕ್ಕ ಬಂಡೆ. ಅದಕ್ಕೇ ನೇರ ಗೋಡೆಯ ಬದಲು ಸೀರೆಯ ನೆರಿಗೆಯಂತೆ ಹಿಂದೆ ಮುಂದೆ ಮಡಿಸಿದ ಗೋಡೆ. ಜಾಗ ಅಷ್ಟೇ, ನೀರು ದಾಟುವ ಅಂಚು ಮಾತ್ರ ಮೂರ್ನಾಲ್ಕು ಪಟ್ಟು. ಹಾಗಂತ ಇದೇನು ಮಂತ್ರವಲ್ಲ. ನೀರು ದಪ್ಪಗೆ ಹರಿಯತೊಡಗಿದರೆ ಎದುರುಬದುರಿನ ಧಾರೆಗಳು ಮೂಲೆಯಲ್ಲಿ ಡಿಕ್ಕಿ ಹೊಡೆದು ಆ ಲಾಭ ಕರಗುತ್ತಾ ಹೋಗುತ್ತದೆ. ಎಷ್ಟು ಕರಗುತ್ತದೆಂದು ತಿಳಿಯಲು ಮಾದರಿ ಕಟ್ಟಿ, ನೀರು ಬಿಟ್ಟು ನೋಡಬೇಕು. ವರದಿಯಲ್ಲಿ ಇಂಜಿನಿಯರುಗಳ ಹೆಸರು ಬರುತ್ತದೆ, ಕಟ್ಟಿದವರದು ಬರುವುದಿಲ್ಲ. ಆ ಸಿಟ್ಟು ನನಗಿದೆ, ನೆಡ್ರಾಗಿಲ್ಲ.

ಇಲ್ಲಿಗೆ ಬರುವ ಮೊದಲು ಅವರು ಅಡುಗೆಮನೆಯ ಕಪಾಟು ಮಾಡುತ್ತಿದ್ದರು. "ಕಪಾಟು ಸೋರಲ್ಲ. ಇಲ್ಲಿ ಎಲ್ಲಾ ಸೋರುತ್ತೆ. ಮೊದಲ ವರ್ಷ ಪೂರ್ತಿ ನನ್ನನ್ನ ಜರಡಿ ಅಂತಾನೇ ಕರೀತಿದ್ರು!" ಎಂದು ಫ್ಲಾಸ್ಕಿನಿಂದ ಬಿಸಿ ಚಾಕೊಲೇಟ್ ಬಗ್ಗಿಸಿ ಕೊಡುತ್ತಾರೆ. ಆಮೇಲೆ ಇಂಥ ನಲವತ್ತಕ್ಕೂ ಹೆಚ್ಚು ಅಣೆಕಟ್ಟುಗಳನ್ನು ಕಟ್ಟಿದ್ದಾರೆ, ನಿಜವಾದದ್ದರಲ್ಲಿ ಮೂವತ್ತಾರು ಅಡಿಯಾದರೆ ಇಲ್ಲಿ ಒಂದಡಿ. ಚಳಿಗಾಲದಲ್ಲಿ ಮಾದರಿಗಳಿಗೆ ಹರಿದು ಬರುವ ಕಾಲುವೆಯ ಕೊರೆಯುವ ನೀರಿನಲ್ಲಿ ನಿಂತು ನಿಂತು ಮಂಡಿ ಹಾಳಾಗಿದೆ.

ಇವತ್ತಿನದು ಅವರ ಹುಟ್ಟೂರು ಟ್ಯಾನರ್ ಬೆಂಡ್‌ನ ಅಣೆಕಟ್ಟು. ಏರಿಯ ಮೇಲೆ ಕೆಂಪು ಗೆರೆ ಎಳೆದಿದೆ. ಪರೀಕ್ಷೆಯ ನೆರೆ ಅದನ್ನು ದಾಟಿದರೆ ಊರಿನ ಜಲಾಶಯವನ್ನು ಇನ್ನು ಮೇಲೆ ಅರ್ಧವೇ ತುಂಬಿಸಬೇಕು. ಹೊಲಗಳಿಗೆ ಕೊನೆಯ ಸರದಿಯ ನೀರಿಲ್ಲ, ಮಕ್ಕಳಿಗೆ ಈಜಾಟವಿಲ್ಲ. "ರಾತ್ರಿ ನಿದ್ದೆ ಬಂದಿಲ್ಲ ಕಣ್ರೀ," ಎನ್ನುತ್ತಾರೆ ನೆಡ್ರಾ.

ಎಂಟಕ್ಕೆ ಅವರ ತಮ್ಮ ಗಾರ್ನ್ ಡೋನಟ್ ಡಬ್ಬಿ ಹಿಡಿದು ಹಾಜರ್. ಊರಿನ ನೀರಾವರಿ ಸಂಘದ ಅಧ್ಯಕ್ಷ ಅವನೇ. ಇಂಜಿನಿಯರ್ ಇನೆಸ್ ಕಿಸ್ಪೆ ಕವಾಟ ತಿರುಗಿಸುತ್ತಾರೆ. ನೀರು ನೆರಿಗೆಗಳನ್ನು ತುಂಬಿ ಧುಮುಕುತ್ತದೆ, ಮಟ್ಟ ಏರುತ್ತದೆ, ಏರುತ್ತಲೇ ಹೋಗುತ್ತದೆ. ಅಯ್ಯೋ, ಕೆಂಪು ಗೆರೆ ಮುಳುಗಿಯೇ ಹೋಯಿತು! ಯಾರಿಗೂ ಡೋನಟ್ ನೆನಪಿಲ್ಲ. ನೆಡ್ರಾರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಗಾರ್ನ್ ಮಾತ್ರ ಬಗ್ಗಿ ಏನನ್ನೋ ನೋಡುತ್ತಿದ್ದಾನೆ. "ಅಕ್ಕಾ, ಎಡದಡದಲ್ಲಿ ಇದೇನೇ ಇದು?"

"ವಿಲೋ ಪೊದೆ ಕಣೋ. ಅಪ್ಪ ಮೀನು ಹಿಡೀತಾ ಕೂರ್ತಿದ್ರಲ್ಲ, ಅದೇ."

"ಅದನ್ನ ಬೇರುಸಮೇತ ಕಿತ್ತು ಎಷ್ಟು ಕಾಲ ಆಯ್ತು! ಊರ ಕಡೆ ತಲೆ ಹಾಕಿದ್ರೆ ತಾನೇ ನಿಂಗೆ ಗೊತ್ತಾಗೋದು?"

ದಡದ ಗಿಡಗಂಟಿ ನಕ್ಷೆಯಲ್ಲಿರುವುದಿಲ್ಲ. ಅದನ್ನು ಕಟ್ಟಿದವರ ಇಷ್ಟಕ್ಕೆ ಬಿಡುವುದು ಇಲ್ಲಿನ ರೂಢಿ. ನೆಡ್ರಾ ಪಾತ್ರೆ ತಿಕ್ಕುವ ನಾರಿನಿಂದ ತಮ್ಮ ಬಾಲ್ಯದ ಪೊದೆಯನ್ನು ಮಾಡಿ, ಕೋಡಿಯ ಪಕ್ಕದಲ್ಲೇ ನೀರೊಳಗೆ ಭದ್ರವಾಗಿ ಅಂಟಿಸಿಬಿಟ್ಟಿದ್ದಾರೆ. ಇನೆಸ್ ಹಣೆ ಚಚ್ಚಿಕೊಳ್ಳುತ್ತಾರೆ: "ನಿಮ್ಮೂರು, ನಿಮಗೆ ಗೊತ್ತಿರುತ್ತೆ ಅಂತ ನಾನೂ ಕೇಳ್ಲಿಲ್ಲ ನೋಡಿ! ಈ ಪೊದೆ ಅಡ್ಡ ಬಂದು ಆ ಕೊನೇ ನೆರಿಗೆಗೆ ನೀರೇ ಸರಿಯಾಗಿ ಹೋಗ್ತಿಲ್ಲ."

ನೆಡ್ರಾ ನೀರಿಗಿಳಿಯುತ್ತಾರೆ. ಅಂಟು ಬಿಡಿಸಿ ಪೊದೆಯನ್ನು ಕಿತ್ತು ತೆಗೆಯುತ್ತಾರೆ. "ಅಪ್ಪನ್ನ ಅಲ್ಲಿಂದ ಎಬ್ಬಿಸಿದ ಹಾಗಾಯ್ತು ಕಣ್ರೀ," ಎಂದು ಆಮೇಲೆ ನನಗೆ ಹೇಳಿದರು.

ಮತ್ತೆ ಕವಾಟ. ಮತ್ತೆ ನೀರು ಏರುತ್ತದೆ. ಈ ಸಲ ಕೊನೆಯ ನೆರಿಗೆಯೂ ತುಂಬಿ ಸುರಿಯುತ್ತದೆ. ನೀರು ಗೆರೆಗೆ ಒಂದು ಬೆರಳು ಕೆಳಗೆ ಬಂದು ನಿಂತುಬಿಡುತ್ತದೆ. ಇನೆಸ್ ಅಳೆದು, ಇನ್ನೊಮ್ಮೆ ಅಳೆದು, ತಲೆಯಾಡಿಸುತ್ತಾರೆ. ಗಾರ್ನ್ ಅಕ್ಕನನ್ನು ಒದ್ದೆ ಬೂಟಿನ ಸಮೇತ ತಬ್ಬಿಕೊಳ್ಳುತ್ತಾನೆ. "ಒಂದು ಪೊದೆಗೋಸ್ಕರ ಊರನ್ನೇ ಒಣಗಿಸೋಕೆ ಹೊರಟಿದ್ಲಲ್ಲ, ಪುಣ್ಯಾತ್ಗಿತ್ತಿ!"

"ಬಾಯಿ ಮುಚ್ಚೋ, ಡೋನಟ್ ಕೊಡು ಮೊದ್ಲು."

ಪರೀಕ್ಷೆ ಮುಗಿದರೆ ಮಾದರಿಯನ್ನು ಒಡೆದು ಜಾಗ ಖಾಲಿ ಮಾಡುತ್ತಾರೆ. ಬೇಜಾರಾಗುವುದಿಲ್ಲವೇ ಎಂದು ಕೇಳಿದೆ.

"ಒಡೀಲಿ ಬಿಡಿ. ಊರಲ್ಲಿ ನಿಜವಾದ ಗೋಡೆ ಎದ್ದ ಮೇಲೆ, ಹಿಮ ಕರಗೋ ಕಾಲಕ್ಕೆ ಹೋಗಿ ಆ ದಡದಲ್ಲಿ ಕೂರ್ಬೇಕು. ನಾನು ಬೆರಳಲ್ಲಿ ಸವರಿದ್ದ ಅಂಚಿನ ಮೇಲೆ ನೀರು ಬೀಳೋದನ್ನ ನೋಡ್ಬೇಕು. ಪಕ್ಕದಲ್ಲಿ ಗಾರ್ನ್ ಇರ್ಲಿ," ಎಂದು ಸಕ್ಕರೆ ಮೆತ್ತಿದ ಬೆರಳು ನೆಕ್ಕುತ್ತಾರೆ. "ಅಷ್ಟು ಸದ್ದಲ್ಲಿ ಅವನ ಬೈಗುಳ ಒಂದೂ ಕೇಳ್ಸಲ್ಲ."