ನಾಲ್ಕನೇ ಸಾಲಿನ ಸಹಿ

ವಿಯಾ ಸೆನಿಸಾ ಬಡಾವಣೆಯಲ್ಲಿ ಡೋನ್ಯಾ ಒತಿಲಿಯಾ ಬ್ರಸೊಬಾನ್ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮೈಕಿನ ತಿಲಿಯಾ ಎಂದರೆ ಬೀದಿನಾಯಿಯೂ ದಾರಿ ತೋರಿಸುತ್ತದೆ. ವಾರದಲ್ಲಿ ಆರು ದಿನ ಆಕೆ ಬೇಸ್‌ಬಾಲ್ ಮೈದಾನದ ಅಂಚಿನಲ್ಲಿ ತಳ್ಳುಗಾಡಿಯ ಮೇಲೆ ಬಾಣಲೆ ಇಟ್ಟು ಯಾನಿಕೆಕೆ ಎಂಬ ಗರಿಗರಿ ರೊಟ್ಟಿ ಕರಿಯುತ್ತಾಳೆ. ಏಳನೆಯ ದಿನ ಅದೇ ಎಣ್ಣೆಗೈಯಲ್ಲಿ ಧ್ವನಿವರ್ಧಕ ಹಿಡಿದು ಮಕ್ಕಳ ತಂಡದ ಹೆಸರು ಕೂಗುತ್ತಾಳೆ: ಮೊದಲು ಬ್ಯಾಟು ಹಿಡಿಯುವವರು ಯಾರು, ಎರಡನೆಯವರು ಯಾರು, ಹೀಗೆ ಒಂಬತ್ತರವರೆಗೆ. ಆಕೆ ಕೂಗದೆ ಯಾರೂ ಬ್ಯಾಟು ಹಿಡಿದು ನಿಲ್ಲುವ ಹೋಮ್ ಪ್ಲೇಟಿನ ಹತ್ತಿರ ಸುಳಿಯುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದ ಮೇಲೆ ಹೋಗದೆ ಇರುವಂತೆಯೂ ಇಲ್ಲ. ಮೂವತ್ತು ವರ್ಷಗಳಿಂದ ಇದೇ ಕಾನೂನು.

ವಿಯಾ ಸೆನಿಸಾದಲ್ಲಿ ಮೈದಾನವೆಂದರೆ ಮಕ್ಕಳು ಮೈ ದಾನ ಮಾಡುವ ಜಾಗ. ಮೊಣಕಾಲಿನ ಚರ್ಮ ಎರಡನೇ ಬೇಸಿಗೆ, ಮುಂದಿನ ಹಲ್ಲು ಮೂರನೆಯದಕ್ಕೆ. ನೆಲದ ತುಂಬ ಗಾಜಿನ ಚೂರು. ಚೆಂಡು ತಡೆಯಬೇಕಾದ ಬಲೆಯನ್ನು ಯಾರೋ ಕೋಳಿಗೂಡಿಗೆ ಒಯ್ದು ಎಷ್ಟೋ ಕಾಲವಾಯಿತು. ಹೆಣ್ಣುಮಕ್ಕಳಿಗೆ ಅವಸರವಾದರೆ ಕಬ್ಬಿನ ರೈಲಿನ ತುಕ್ಕು ಹಿಡಿದ ಡಬ್ಬಿಯ ಮರೆಯೇ ಗತಿ. ಎಡಗಡೆಯ ಮೂಲೆಯಲ್ಲಿ ಒಂದು ದೀಪದ ಕಂಬ. ಅದು ಉರಿಯುವುದಿಲ್ಲ, ಮಳೆ ಬಂದಾಗ ಕಚ್ಚುತ್ತದೆ.

ಮೂವತ್ತೊಂದು ವರ್ಷಗಳ ಹಿಂದೆ ಒಂದು ಸಂಜೆ ಒತಿಲಿಯಾಳ ತಮ್ಮ ನೆಲ್ಸಿದೊ ಆ ಕಂಬದ ಬುಡದ ಕೆಸರಿನಲ್ಲಿ ಬಿದ್ದ ಚೆಂಡನ್ನು ಎತ್ತಲು ಹೋಗಿ ಎದ್ದು ಬರಲಿಲ್ಲ. ಅವನಿಗೆ ಹದಿಮೂರು ವರ್ಷ. ನಗರಸಭೆಯವರು ಬಂದು ಕಂಬಕ್ಕೆ ಕೆಂಪು ಬಣ್ಣ ಬಳಿದರು. ಅಪಾಯವನ್ನು ತೆಗೆಯಲಿಲ್ಲ, ಎದ್ದು ಕಾಣುವಂತೆ ಮಾಡಿದರು. ಅಂದಿನಿಂದ ಒತಿಲಿಯಾ ಅರ್ಜಿ ಬರೆಯುತ್ತಿದ್ದಾಳೆ. ಆಡಳಿತ ಎಂಬ ಪದದಲ್ಲಿ ಆಡುವುದೇನೋ ಇದೆ, ಆದರೆ ಅದು ಮಕ್ಕಳಿಗಲ್ಲ ಎಂದು ಆಕೆಗೆ ಮೊದಲ ಹತ್ತು ವರ್ಷಗಳಲ್ಲೇ ಗೊತ್ತಾಯಿತು.

ಅಷ್ಟರಲ್ಲಿ ಊರು ಬೆಳೆಯಿತು. ಕಡಲ ದಂಡೆಯ ಹೋಟೆಲುಗಳಿಗೆ ಕೆಲಸಕ್ಕೆ ಬಂದವರು ವಿಯಾ ಸೆನಿಸಾದಲ್ಲಿ ಮನೆ ಮಾಡಿದರು, ಅವರ ಮಕ್ಕಳು ಅದೇ ಮೈದಾನಕ್ಕೆ ಬಂದರು. ಕಳೆದ ವರ್ಷ ಸುದ್ದಿಯೂ ಬಂತು: ಜಾಗ ಬಸ್ಸುಗಳ ನಿಲುಗಡೆಗೆ ಹೋಗಲಿದೆ. ತಡೆಯುವ ದಾರಿ ಒಂದೇ. ಗುರುತಿನ ಚೀಟಿಯ ಸಂಖ್ಯೆ ಸಮೇತ ಮುನ್ನೂರು ನಿವಾಸಿಗಳ ಸಹಿ ಕೊಟ್ಟರೆ ಬಹಿರಂಗ ವಿಚಾರಣೆ.

ಆಕೆ ಆರು ವಾರ ಮನೆ ಮನೆ ಸುತ್ತಿದಳು.

"ಬಸ್ಸು ನಿಂತ್ರೆ ನಿನ್ ರೊಟ್ಟಿ ವ್ಯಾಪಾರ ಜೋರಾಗತ್ತಲ್ಲೇ ತಿಲಿಯಾ," ಎಂದ ಕ್ಷೌರಿಕ ಚೆಪೆ.

"ಬಸ್ಸು ರೊಟ್ಟಿ ತಿನ್ನತ್ತೇನೋ? ಬಾಯ್ಮುಚ್ಕೊಂಡು ಸಹಿ ಹಾಕು."

"ಕೈ ತುಂಬಾ ಸೋಪಿದೆ ಮಾರಾಯ್ತಿ."

"ಒಳ್ಳೇದಾಯ್ತು. ಒಂದಾದ್ರೂ ಶುದ್ಧ ಹಸ್ತದ್ದು ಇರ್ಲಿ."

ಸಹಿಗಳ ಲೆಕ್ಕ ಇನ್ನೂರ ತೊಂಬತ್ತೆರಡಕ್ಕೆ ಬಂದು ನಿಂತಿತು. ಕೊನೆಯ ದಿನದ ಮಧ್ಯಾಹ್ನ ಆಕೆ ಖಾಲಿ ಹಾಳೆಯೊಂದನ್ನು ಬೆಂಚಿನ ಮೇಲೆ ಕಲ್ಲಿಟ್ಟು ಬಿಟ್ಟು, ಬಾಣಲೆಯ ಕಡೆ ತಿರುಗಿದಳು. ಎರಡು ರೊಟ್ಟಿ ಮಗುಚುವಷ್ಟು ಹೊತ್ತು. ಮೈದಾನದಲ್ಲಿ ಒಂದು ಪ್ರಾಣಿಯೂ ಇರಲಿಲ್ಲ. ತಿರುಗಿ ನೋಡಿದರೆ ಹಾಳೆಯಲ್ಲಿ ಒಂಬತ್ತು ಸಾಲು ತುಂಬಿತ್ತು. ಕನ್ನಡಕಕ್ಕೆ ಎಣ್ಣೆ ಸಿಡಿದಿತ್ತು, ಓದಲಾಗಲಿಲ್ಲ. ದಾರಿಹೋಕರು ಯಾರೋ ಪುಣ್ಯಾತ್ಮರು ಎಂದುಕೊಂಡಳು. ಹಾಳೆ ಮಾತ್ರ ಒದ್ದೆಯಾಗಿತ್ತು, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು. ಎರಡು ತಿಂಗಳಿಂದ ಮಳೆಯೇ ಬಂದಿರಲಿಲ್ಲ.

ಎಲ್ಲ ಹಾಳೆಗಳನ್ನು ಒಪ್ಪಿಸಿದ ಮಾರನೆಯ ದಿನ ನಗರಸಭೆಯಿಂದ ಕರೆ ಬಂತು. ಸಹಿ ಪರಿಶೀಲಿಸುವ ಗುಮಾಸ್ತ ದಾಮಿರೊ ಪೆಗೆರೊ ವಿಯಾ ಸೆನಿಸಾದಲ್ಲೇ ಹುಟ್ಟಿ ಬೆಳೆದವನು, ಈಗ ಟೈ ಕಟ್ಟುವವನು. ಆತ ಮೈದಾನದ ಕಡೆ ತಲೆ ಹಾಕಿ ಮೂವತ್ತೊಂದು ವರ್ಷವಾಗಿತ್ತು. ಬಾಗಿಲು ಮುಚ್ಚಿ ಆ ಒದ್ದೆ ಹಾಳೆಯನ್ನು ಆಕೆಯ ಮುಂದಿಟ್ಟ.

"ಡೋನ್ಯಾ, ಇದನ್ನ ಯಾರ ಹತ್ರ ಬರೆಸಿದ್ರಿ?"

ಒತಿಲಿಯಾ ಕನ್ನಡಕ ಒರೆಸಿಕೊಂಡು ಓದಿದಳು. ಕಿರಿಕೊ ಮೋತಾ: ಪೋರ್ಟೊ ರಿಕೊಗೆ ಹೊರಟ ದೋಣಿಯಲ್ಲಿ ಮುಳುಗಿದವನು. ಎಲ್ಪಿದಿಯೊ: ಮೋಟಾರ್ ಸೈಕಲ್ಲು. ಕೆಳಗೆ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಹೋದವನು, ಜ್ವರಕ್ಕೆ ಹೋದವನು. ಎಲ್ಲರ ಅಂತ್ಯಕ್ರಿಯೆಗೂ ಆಕೆ ಕಾಫಿ ಕಾಸಿದ್ದಳು.

"ಇವ್ರೆಲ್ಲ ಸತ್ತೋಗಿದಾರಲ್ಲೋ."

"ಅದು ತೊಂದ್ರೆ ಅಲ್ಲ ಬಿಡಿ," ಎಂದ ದಾಮಿರೊ. "ಏಳು ಜನದ ನಂಬರೂ ಸರಿಯಾಗಿದೆ. ಸತ್ತೋರನ್ನ ಪಟ್ಟಿಯಿಂದ ಯಾರೂ ತೆಗೆದಿಲ್ಲ. ಕಂಪ್ಯೂಟರು ಒಪ್ಕೊಂಡಿದೆ."

ಆಶ್ಚರ್ಯವೇನಿಲ್ಲ. ಈ ಊರಿನ ಮತದಾರರಲ್ಲಿ ಒಂದು ಪಾಲು ಮೃತದಾರರು. ನಾಲ್ಕು ವರ್ಷಕ್ಕೊಮ್ಮೆ ಎದ್ದು ಬಂದು ಕರ್ತವ್ಯ ಮುಗಿಸಿ ಮಲಗುತ್ತಾರೆಂದು ಎಲ್ಲ ಪಕ್ಷದವರೂ ನಗುತ್ತಾರೆ. ಆದರೆ ಅವರು ತಮಗಾಗಿ ಏನಾದರೂ ಕೇಳಿದ್ದು ಇದೇ ಮೊದಲು.

"ಮೂರನೇದು ನಡಿಯಲ್ಲ," ಎಂದ ದಾಮಿರೊ ತಲೆ ತಗ್ಗಿಸಿ.

ಮೂರನೆಯದು ಪೆನ್ಸಿಲ್ಲಿನಲ್ಲಿ ಒತ್ತಿ ಒತ್ತಿ ಬರೆದ ಹೆಸರು. ನೆಲ್ಸಿದೊ ಬ್ರಸೊಬಾನ್. ಎಸ್ ಅಕ್ಷರ ಯಾವಾಗಲಿನಂತೆ ಉಲ್ಟಾ. ಒತಿಲಿಯಾ ಅದರ ಮೇಲೆ ಬೆರಳಿಟ್ಟಳು. ಕಾಗದ ಅಲ್ಲಿ ಸಣ್ಣಗೆ ಜುಮ್ಮೆಂದಿತು.

"ಸತ್ತಿರೋದಕ್ಕಾ?"

"ಅಲ್ಲ. ಚೀಟಿ ನಂಬರಿಲ್ಲ. ಅಪ್ರಾಪ್ತ."

ಇನ್ನೂರ ತೊಂಬತ್ತೆರಡು, ಏಳು. ಆಕೆ ಬಾಯಲ್ಲೇ ಕೂಡಿಸಿದಳು. ಇನ್ನೂರ ತೊಂಬತ್ತೊಂಬತ್ತು. ಆಮೇಲೆ ನಾಲ್ಕನೇ ಸಾಲು ನೋಡಿದಳು. ಅಲ್ಲಿದ್ದದ್ದು ದಾಮಿರೊ ಪೆಗೆರೊ, ಸಂಖ್ಯೆ ಸಮೇತ, ಬಾಲ ಸುತ್ತಿದ ಸಹಿ ಸಮೇತ. ಗೋಡೆಯ ಮೇಲಿನ ಆದೇಶಗಳಲ್ಲೆಲ್ಲ ಇದ್ದ ಅದೇ ಬಾಲ.

"ನಾನು ಹಾಕಿಲ್ಲ ಡೋನ್ಯಾ. ನನ್ನಾಣೆ. ಆದ್ರೆ ಸಹಿ ನಂದೇ." ಅವನ ಅಂಗಿ ಬೆನ್ನಿಗೆ ಅಂಟಿತ್ತು. "ಸಾಲು ನೋಡಿ. ಕಿರಿಕೊ, ಎಲ್ಪಿದಿಯೊ, ನೆಲ್ಸಿದೊ, ಆಮೇಲೆ ನಾನು. ನಮ್ ತಂಡ ಬ್ಯಾಟು ಹಿಡೀತಿದ್ದ ಕ್ರಮ ಇದು. ಒಂಬತ್ತರಲ್ಲಿ ಈಗ ಉಳಿದಿರೋನು ನಾನೊಬ್ನೇ. ಅವರು ಭರ್ತಿ ಮಾಡ್ಕೊಳ್ತಿದಾರೆ."

ಎಂಟು ಜನರ ತಂಡ ಕಣಕ್ಕೆ ಇಳಿಯುವಂತಿಲ್ಲ. ಅದನ್ನು ಒತಿಲಿಯಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಆ ಸಂಜೆ ಚೆಂಡು ಹೊಡೆದೋನೂ ನಾನೇ," ಎಂದ ಅವನು. "ಹೋಗಿ ತಗೊಂಬಾ ಅಂದೋನೂ ನಾನೇ."

"ಗೊತ್ತು ಕಣೋ. ಇಡೀ ಓಣಿಗೆ ಗೊತ್ತು." ಮೂವತ್ತೊಂದು ವರ್ಷ ಕೂಡಿಟ್ಟ ಮಾತೊಂದು ಆಕೆಯ ಗಂಟಲಲ್ಲಿತ್ತು. ಎದುರಿಗೆ ಟೈ ಕಟ್ಟಿಕೊಂಡು ನಡುಗುತ್ತಿದ್ದವನನ್ನು ಕಂಡು ಅದು ಹಾಗೇ ಒಳಗಿಳಿಯಿತು. "ಈಗ ನೀನು ಸಹಿ ನಂದಲ್ಲ ಅಂದ್ರೆ?"

"ಒಂದು ಕಡಿಮೆ. ಮೈದಾನ ಹೋಗತ್ತೆ. ನಂದೇ ಅಂದ್ರೆ..." ಅವನ ಬೆರಳು ಹಾಳೆಯ ಮಿಕ್ಕ ಎಂಟು ಹೆಸರುಗಳ ಮೇಲೆ ಹರಿಯಿತು.

"ಹೊಸ ಹಾಳೆ ಕೊಡು. ನಂದೊಂದು ಹಾಕ್ತೀನಿ. ಊರೋರ್ದೆಲ್ಲ ಹಾಕ್ಸೋ ಗಡಿಬಿಡೀಲಿ ನಂದೇ ಮರ್ತೋಗಿದೆ."

"ಗಡುವು ನಿನ್ನೆಗೆ ಮುಗೀತು. ಕೊಟ್ಟಿರೋ ಹಾಳೇಲಿ ತಿದ್ದುಪಡಿ ಮಾತ್ರ. ಒಂದು ಹೆಸರು ಹೊಡೆದು ಅದೇ ಸಾಲಲ್ಲಿ ಇನ್ನೊಂದು." ಅವನು ಥಟ್ಟನೆ ಮುಖ ಎತ್ತಿದ. "ಮೂರನೇ ಸಾಲು ಹೆಂಗೂ ಲೆಕ್ಕಕ್ಕಿಲ್ಲ. ಅಲ್ಲಿ ಬರೀರಿ."

"ನನ್ ತಮ್ಮನ್ನ ನಾನೇ ಹೊಡೆದು ಹಾಕ್ಲಾ?"

ಫ್ಯಾನು ನಿಂತಿತ್ತು. ಹೊರಗೆ ರಸ್ತೆಯ ಗದ್ದಲ ಇದ್ದಕ್ಕಿದ್ದಂತೆ ಕೇಳಿಸದಾಯಿತು. ಒತಿಲಿಯಾ ಪೆನ್ನು ತೆಗೆದು, ನಾಲ್ಕನೇ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತನ್ನ ಹೆಸರನ್ನೂ ಸಂಖ್ಯೆಯನ್ನೂ ಬರೆದಳು. ಶಾಯಿ ಒಣಗುವ ಮೊದಲೇ ಹಾಳೆ ಬೆಚ್ಚಗಾಯಿತು.

"ಹೆದ್ರಿಕೆ ಆಗಲ್ವಾ ಡೋನ್ಯಾ?"

"ಆಗತ್ತೆ. ಬೇಗ ಮುದ್ರೆ ಒತ್ತು."

ಆಕೆ ರಸೀದಿ ಹಿಡಿದು ಮೈದಾನಕ್ಕೆ ಬಂದಾಗ ಮಧ್ಯಾಹ್ನ ನಾಲ್ಕು ಗಂಟೆ, ಉರಿಬಿಸಿಲು. ಮಕ್ಕಳೆಲ್ಲ ಒಳಗೆ ಇಳಿಯದೆ ಅಂಚಿನಲ್ಲಿ ಸಾಲಾಗಿ ಕೂತಿದ್ದರು.

"ಯಾಕ್ರೇ, ಆಡಲ್ವಾ?"

"ಅವ್ರದ್ದು ಮುಗೀಲಿ," ಎಂದಳು ಕ್ಯಾಚರ್ ಯಾನೆಲಿ, ಹತ್ತು ವರ್ಷದವಳು, ಮಾವಿನ ಗೊರಟ ಚೀಪುತ್ತ.

"ಯಾರ್ದು?"

"ದೊಡ್ಡೋರ್ದು. ದಿನಾ ಈ ಹೊತ್ಗೆ ಬಂದು ಸುಮ್ನೆ ನಿಂತಿರ್ತಾರೆ. ಇವತ್ತು ಆಡ್ತಿದಾರೆ. ನಾಲ್ಕನೆಯೋರು ಎಲ್ಲಿ ಅಂತ ಕೇಳ್ತಿದಾರೆ ಡೋನ್ಯಾ. ನಿಮ್ ಕಡೇನೇ ನೋಡ್ತಿದಾರೆ."

ಒತಿಲಿಯಾಗೆ ಕಂಡದ್ದು ಖಾಲಿ ಮೈದಾನ. ಗಾಳಿಯಿಲ್ಲ. ಆದರೂ ಮೂರು ಬೇಸುಗಳ ಹತ್ತಿರವೂ ಧೂಳು ಎದ್ದು ಆಳೆತ್ತರಕ್ಕೆ ನಿಂತಿತ್ತು. ಮೊದಲ ಬೇಸಿನದ್ದು ಮಾತ್ರ ಗಿಡ್ಡ, ಹದಿಮೂರರ ಹುಡುಗನಷ್ಟು. ಹೋಮ್ ಪ್ಲೇಟಿನ ಮೇಲೆ ಯಾರೂ ಇಟ್ಟಿರದ ಒಂದು ಬ್ಯಾಟು ಬಿದ್ದಿತ್ತು.

ಮೂರು ಬೇಸಿನಲ್ಲೂ ಒಬ್ಬೊಬ್ಬರು, ನಾಲ್ಕನೆಯ ಬ್ಯಾಟು ತನ್ನದು. ಓಡಿಹೋಗುವುದು ಸಾಧ್ಯವಿರಲಿಲ್ಲ, ಪಟ್ಟಿಯಲ್ಲಿ ಹೆಸರಿತ್ತು. ಆಕೆ ಗಾಡಿಯಿಂದ ಧ್ವನಿವರ್ಧಕ ತೆಗೆದಳು.

"ಕೇಳ್ರಪ್ಪಾ! ಬರ್ತೀನಿ, ಇಲ್ಲ ಅನ್ನಲ್ಲ. ಆದ್ರೆ ಈ ಹಾಳು ನೆಲದಲ್ಲಿ ಆಡಲ್ಲ. ಮೊದ್ಲು ಆ ಕಂಬ ಕೀಳ್ಲಿ. ಬಲೆ ಕಟ್ಲಿ, ನೀರು ಹೋಗೋಕೆ ಮೋರಿ ಮಾಡ್ಲಿ, ಹೆಣ್ಮಕ್ಳಿಗೆ ಒಂದು ಕಕ್ಕಸು ಕಟ್ಲಿ. ಎಲ್ಲ ಮುಗಿದ ದಿನ ಬಂದು ಬ್ಯಾಟು ಹಿಡೀತೀನಿ. ಅಲ್ಲೀವರ್ಗೂ ಮಳೆ ಬಂತು ಅನ್ಕೊಂಡು ಆಟ ನಿಲ್ಸಿ. ನೆಲ್ಸಿದೊ, ಅವ್ರಿಗೆ ನೀನು ಹೇಳೋ!"

ಧೂಳು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ನಿಧಾನವಾಗಿ ಕೂತಿತು. ಮಕ್ಕಳು ಏನೂ ಆಗಿಲ್ಲವೆಂಬಂತೆ ಕೂಗುತ್ತ ಒಳಗೆ ಓಡಿದರು.

ವಿಚಾರಣೆ ನಡೆಯಿತು. ಒತಿಲಿಯಾ ಒಂದೂವರೆ ಗಂಟೆ ಮಾತಾಡಿದಳು, ಧ್ವನಿವರ್ಧಕವಿಲ್ಲದೆ. ಬಸ್ಸುಗಳಿಗೆ ಬೇರೆ ಜಾಗ ಸಿಕ್ಕಿತು. ಮೊದಲ ತಿಂಗಳಲ್ಲೇ ಕಂಬ ಹೋಯಿತು. ಅದು ಇದ್ದ ಜಾಗದಲ್ಲಿ ಆಕೆ ಅರ್ಧ ದಿನ ಕೂತಿದ್ದಳು, ಒಲೆ ಹಚ್ಚಲಿಲ್ಲ. ಮಿಕ್ಕಿದ್ದೆಲ್ಲ ನಗರಸಭೆಯ ವೇಗದಲ್ಲಿ ನಡೆಯಿತು. ಬಲೆಗೆ ಎಂಟು ತಿಂಗಳು. ಮೋರಿಗೆ ಹದಿನಾಲ್ಕು. ಇಡೀ ಊರು ವಿಳಂಬವನ್ನು ಶಪಿಸುತ್ತಿದ್ದಾಗ ಅದರಿಂದ ಲಾಭ ಪಡೆದ ಏಕೈಕ ಪ್ರಜೆ ಆಕೆ. ಆದರೂ ಪ್ರತಿ ಸೋಮವಾರ ಹೋಗಿ ಜಗಳವಾಡುತ್ತಿದ್ದಳು. ಪ್ರತಿ ಕೆಲಸ ಮುಗಿದಾಗಲೂ ನಾಲ್ಕು ಗಂಟೆಯ ಧೂಳು ಒಂದು ಹೆಜ್ಜೆ ಆಕೆಯ ಗಾಡಿಯ ಹತ್ತಿರ ಬರುತ್ತಿತ್ತು.

ಉಳಿದದ್ದು ಕಕ್ಕಸು. ಗೋಡೆ ಎದ್ದಿತ್ತು, ಚಾವಣಿ ಕೂತಿತ್ತು. ಹೊಸ ಅರ್ಜಿಯೊಂದನ್ನು ತಾನೇ ಟೈಪು ಮಾಡಿಕೊಂಡು ದಾಮಿರೊ ಮೈದಾನಕ್ಕೆ ಬಂದ, ಮೂವತ್ತಮೂರು ವರ್ಷಗಳ ಮೇಲೆ ಮೊದಲ ಸಲ.

"ನೆರಳಿಗೆ ಚಾವಣಿ ಬೇಕು ಅಂತ ಕೇಳೋಣ ಡೋನ್ಯಾ. ಆಮೇಲೆ ಹೊಸ ದೀಪ. ಏನಾದ್ರೂ ಒಂದು ಬಾಕಿ ಇರ್ಲಿ. ಮುಗಿಯೋದೇ ಬೇಡ."

"ಅದೂ ಕೇಳು, ಬೇಕಾದ್ದೇ. ಆದ್ರೆ ನಾನು ಅವ್ರಿಗೆ ಹೇಳಿದ ಪಟ್ಟೀಲಿ ಅದಿರ್ಲಿಲ್ಲ. ಮಾತು ಬದ್ಲಾಯಿಸಕ್ಕೆ ನಾನೇನು ನಗರಸಭೆನೇ?"

ಗುತ್ತಿಗೆದಾರ ಬಂದ. "ಬಾಗಿಲೊಂದು ಬಾಕಿ. ಮಳೆಗಾಲ ಕಳೀಲಿ, ಹಾಕಿಸ್ತೀನಿ. ಅವಸರ ಏನಿಲ್ವಲ್ಲ?"

ದಾಮಿರೊ ಆಸೆಯಿಂದ ಆಕೆಯ ಮುಖ ನೋಡಿದ. ಅಭ್ಯಾಸದ ನಡುವೆ ಯಾನೆಲಿ ಕೈಗವಸು ಬಿಸುಟು ಕಾಲು ಬಿಗಿ ಹಿಡಿದುಕೊಂಡು ರೈಲು ಡಬ್ಬಿಯ ಕಡೆ ಓಡುತ್ತಿದ್ದಳು. ಡಬ್ಬಿಯ ಆಚೆ ಇಬ್ಬರು ಗಂಡಸರು ಸಿಗರೇಟು ಹಚ್ಚಿ ನಿಂತಿದ್ದರು. ಅವಳು ಅರ್ಧ ದಾರಿಯಲ್ಲೇ ನಿಂತು ಹಿಂದಿರುಗಿದಳು.

ಒತಿಲಿಯಾ ಒಲೆ ಆರಿಸಿದಳು. ಎರಡೂ ಕೈಗಳ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡಳು.

"ಅವಸರ ಇದೆ," ಎಂದಳು ಗುತ್ತಿಗೆದಾರನಿಗೆ. "ಶುಕ್ರವಾರದೊಳಗೆ ಬಾಗಿಲು ಹಾಕಿಸು. ಚಿಲಕ ಒಳಗಡೆಯಿಂದ ಹಾಕೋ ಹಾಗಿರ್ಬೇಕು, ತಿಳೀತಾ?"